ಗಾಳಿ ಇಲ್ಲಿ, ನೀರು ಅಲ್ಲಿ

ಬಂದರಿನ ಹಿಂದಿನ ಓಣಿ
ಅಕ್ಟೋಬರ್ ೯

ಅಕ್ಕನಿಗೆ ನಮಸ್ಕಾರ.

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿಮಗೆ ಆಶ್ಚರ್ಯವಾಗಬಹುದು. ಈ ಪತ್ರ ತಂದಿರುವ ಲಾರಿ ಡ್ರೈವರ್ ನಮಗೆ ಬೇಕಾದವನು. ನಾನು ಹೊಲಿದ ಟಾರ್ಪಾಲನ್ನೇ ತನ್ನ ಲಾರಿಗೆ ಹೊದಿಸುತ್ತಾನೆ. ಎಲ್ಲರೂ ಅವನನ್ನು ‘ಮೀಸೆ’ ಎಂದೇ ಕರೆಯುವುದು. ಅವನ ಪಕ್ಕದ ಸೀಟಿನಲ್ಲಿ ಕುಳಿತು ಬಂದಿರುವವಳು ನಮ್ಮ ಚಿಣ್ಣಿ.

ರೇಡಿಯೋದಲ್ಲಿ ಬೆಳಿಗ್ಗೆಯಿಂದ ಒಂದೇ ಮಾತು. ಸಮುದ್ರದ ನಡುವೆ ಛಂಡಮಾರುತ ಬಲಿಯುತ್ತಿದೆಯಂತೆ, ಮೂರು ದಿನದಲ್ಲಿ ನಮ್ಮ ದಡಕ್ಕೆ ಬಡಿಯುತ್ತದಂತೆ. ಬಂದರಿನ ಕಂಬದ ಮೇಲೆ ಅಪಾಯದ ಬಾವುಟ ಏರಿದೆ. ಶಾಲೆಗೆ ರಜೆ. ನಿಮ್ಮ ಮೈದುನ ಕ್ರೇನಿನವರಾದ್ದರಿಂದ ಊರು ಬಿಡುವಂತಿಲ್ಲ. ಕ್ರೇನುಗಳ ಕತ್ತು ತಗ್ಗಿಸಿ ಕಟ್ಟಿ ಮುಗಿಸುವವರೆಗೆ ಅವರಿಗೆ ಬಂದರೇ ಮನೆ. ಅವರನ್ನು ಬಿಟ್ಟು ನಾನು ಬರಲಾರೆ. ಲಾರಿಯಲ್ಲಿ ಇದ್ದದ್ದೂ ಒಂದೇ ಸೀಟು.

ನಿಮ್ಮ ಊರು ಕಡಲಿಗೆ ದೂರ. ಗಾಳಿ ಅಲ್ಲಿಗೆ ತಲುಪುವಷ್ಟರಲ್ಲಿ ಬೀಸಣಿಗೆಯ ಗಾಳಿಯಾಗಿರುತ್ತದೆ. ಅದಕ್ಕೇ ಬೇರೆ ಯಾರನ್ನೂ ಕೇಳದೆ ನಿಮ್ಮ ಬಾಗಿಲಿಗೇ ಕಳಿಸುತ್ತಿದ್ದೇನೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಸೌಟು ಹಿಡಿಯಲಾಗದೆ ನೀವು ಮನೆ ಬೇರೆ ಮಾಡಿಕೊಂಡು ಹೋದಾಗ ನನ್ನ ಮಾತೂ ಹೆಚ್ಚಾಯಿತು, ನಿಮ್ಮದೂ ಕಡಿಮೆಯಿರಲಿಲ್ಲ. ವಾರಗಿತ್ತಿಯರೆಂದ ಮೇಲೆ ಅದೆಲ್ಲ ಇದ್ದದ್ದೇ. ಮಗುವಿನ ತಲೆಗೆ ಅದನ್ನು ಕಟ್ಟಬೇಡಿ.

ಅವಳಿಗೀಗ ಏಳು ವರ್ಷ. ಹಾಲು ಕುಡಿಯುವುದಿಲ್ಲ, ಬಲವಂತ ಬೇಡ. ಮಲಗುವಾಗ ಕಾಲು ಹೊದಿಕೆಯ ಹೊರಗೇ ಇರಬೇಕು. ನಾಲ್ಕು ದಿನದ ಮಾತು.

ನಿಮ್ಮ ತಂಗಿ


ಹೊಳೆ ಬೀದಿ
ಅಕ್ಟೋಬರ್ ೧೦

ತಂಗಿಗೆ ಆಶೀರ್ವಾದ.

ಚಿಣ್ಣಿ ನಿನ್ನೆ ಸಂಜೆ ಕ್ಷೇಮವಾಗಿ ಬಂದು ಸೇರಿದಳು. ಬಂದವಳು ಬಾಗಿಲ ಪಕ್ಕದ ಟ್ರಂಕಿನ ಮೇಲೆ ಕುಳಿತಳು, ಬೂಟು ಬಿಚ್ಚಲು ಒಪ್ಪಲಿಲ್ಲ. “ಬಿಚ್ಚಿದ್ರೆ ಮತ್ತೆ ಹಾಕ್ಕೋಬೇಕಲ್ಲ, ನಾಲ್ಕೇ ದಿನ ಅಂತೆ” ಎಂದಳು. ಬೂಟಿನಲ್ಲೇ ನಿದ್ದೆ ಹೋದಳು. ಆಮೇಲೆ ನಾನು ಬಿಚ್ಚಿದೆ.

ನಾವಿಬ್ಬರೇ ಇರುವ ಮನೆ ಇದು. ಮಕ್ಕಳಿಗೆ ಬೇಕಾದ ಸಾಮಾನು ಏನೂ ಇಲ್ಲ. ನಿನ್ನ ಭಾವನಿಗೆ ಬಸ್ ಡಿಪೋದಲ್ಲಿ ಈ ವಾರವೆಲ್ಲ ಎರಡು ಪಾಳಿ ಕೆಲಸ. ನನಗೂ ಮುದ್ರಣಾಲಯದಲ್ಲಿ ತಿದ್ದಬೇಕಾದ ಕರಡಿನ ರಾಶಿ ಬಿದ್ದಿದೆ. ನಾಲ್ಕು ದಿನ ಎಂದು ಬರೆದಿದ್ದೀಯ. ಐದನೆಯ ದಿನವಾಗುವುದಾದರೆ ಮೊದಲೇ ತಿಳಿಸು.

ಹಿತ್ತಿಲ ಬಾಗಿಲಿನ ಚಿಲಕ ಮೊದಲಿನಿಂದಲೂ ಸಡಿಲ, ಅದಕ್ಕೆ ಒಳಗಿನಿಂದ ಅಡ್ಡಪಟ್ಟಿ ಹೊಡೆಸು. ಅಡುಗೆಮನೆಯ ಮಾಡು ಮೂಲ ಮನೆಗೆ ಸೇರಿದ್ದಲ್ಲ, ಆಮೇಲೆ ಇಳಿಸಿದ್ದು, ಅದನ್ನು ನಂಬಬೇಡ. ನಡುಕೋಣೆಗೆ ಕಿಟಕಿ ಇಲ್ಲ, ಗಾಳಿ ಬಂದಾಗ ಅಲ್ಲಿರು. ಎಂಟು ವರ್ಷ ಬಾಳಿದ ಮನೆ, ನನಗೆ ಗೊತ್ತು.

ಇನ್ನೊಂದು ಮಾತು. ಚಂಡಮಾರುತಕ್ಕೆ ಅಲ್ಪಪ್ರಾಣ ಸಾಕು. ನೀನು ಮಹಾಪ್ರಾಣ ಹಾಕಿದ್ದೀಯ.

ಅಕ್ಕ


ಬಂದರಿನ ಹಿಂದಿನ ಓಣಿ
ಅಕ್ಟೋಬರ್ ೧೧

ಅಕ್ಕನಿಗೆ,

ನಿಮ್ಮ ಪತ್ರ ತಲುಪಿತು. ಮಗುವಿನಿಂದ ನಿಮ್ಮ ಕೆಲಸಕ್ಕೆ ತೊಂದರೆಯಾಯಿತೆಂದು ತಿಳಿಯಿತು. ಐದನೆಯ ದಿನ ಆಗದ ಹಾಗೆ ನೋಡಿಕೊಳ್ಳುತ್ತೇನೆ. ರಸ್ತೆ ತೆರೆದ ಕೂಡಲೇ ಕರೆಸಿಕೊಳ್ಳುತ್ತೇನೆ. ನಮ್ಮ ಪ್ರಾಣ ಅಲ್ಪವೋ ಮಹಾಪ್ರಾಣವೋ ನಾಳೆ ತಿಳಿಯುತ್ತದೆ. ಅಲ್ಲಿಯವರೆಗೆ ಬರೀ ಗಾಳಿ ಎಂದೇ ಬರೆಯುತ್ತೇನೆ, ಅದರಲ್ಲಿ ತಪ್ಪಾಗುವಂಥದ್ದು ಏನೂ ಇಲ್ಲ.

ಹಿತ್ತಿಲ ಬಾಗಿಲಿಗೆ ಪಟ್ಟಿ ಹೊಡೆದಾಯಿತು. ಕಿಟಕಿಗಳಿಗೆ ಹೊರಗಿನಿಂದ ಹಲಗೆ. ಮಾಡಿನ ತಗಡಿನ ಮೇಲೆ ಉಕ್ಕಿನ ಹಗ್ಗ ಹಾಯಿಸಿ ಗೋಡೆಯ ಬುಡದ ಕೊಂಡಿಗೆ ಬಿಗಿದಿದ್ದೇವೆ. ಮನೆಯತ್ತ ವಾಲಿದ ಕೊಂಬೆಗಳನ್ನು ಕಡಿಸಿದೆ. ಗ್ಯಾಸ್ ಸಿಲಿಂಡರನ್ನು ಕಂಬಕ್ಕೆ ಕಟ್ಟಿದೆ. ಡ್ರಮ್ಮು, ಬಕೆಟ್ಟು, ಕೊನೆಗೆ ಚಿಣ್ಣಿಯ ಆಟದ ಬೋಗುಣಿ ಸಹ ಕುಡಿಯುವ ನೀರಿನಿಂದ ತುಂಬಿವೆ. ಹೊಲಿಗೆ ಯಂತ್ರದ ತಲೆ ಬಿಚ್ಚಿ ಅಟ್ಟಕ್ಕೇರಿಸಿದೆ. ಹಾಗೆ ಮಾಡುವ ಮೊದಲು ಎರಡು ದಿನ ನಾನು ಅದರ ಮುಂದಿನಿಂದ ಏಳಲೇ ಇಲ್ಲ. ಓಣಿಯವರೆಲ್ಲ ಹರಿದ ಟಾರ್ಪಾಲು ಹಿಡಿದು ಸಾಲು ನಿಂತಿದ್ದರು. ಊರಿಗೆಲ್ಲ ಹೊದಿಸಿ ನಮ್ಮ ಅಡುಗೆಮನೆಗೆ ಬರುವಷ್ಟರಲ್ಲಿ ಬಟ್ಟೆ ಮುಗಿದಿತ್ತು. ಹೊಲಿಯುವವಳ ಮನೆಯೇ ಸೋರುವುದು ಹೊಸದೇನಲ್ಲ, ಬಿಡಿ.

ಪಕ್ಕದ ಕ್ಷೌರಿಕ ಅಂಗಡಿಯ ಕನ್ನಡಿಗಳನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ನಡುಕೋಣೆಗೆ ತಂದಿಟ್ಟಿದ್ದಾನೆ. “ನಾನು ಬೇಕಾದ್ರೆ ಹೊರಗಿರ್ತೀನಿ, ಇವು ಒಳಗಿರ್ಲಿ” ಅಂದ. ಅವನೂ ಅವನ ಮನೆಯವರೂ ನಾಳೆ ಇಲ್ಲಿಗೇ ಬರುತ್ತಾರೆ.

ಇವರು ಬಂದರಿನ ಕಚೇರಿಯಲ್ಲೇ ಮಲಗುತ್ತಾರೆ. ಅದು ಗಟ್ಟಿ ಕಟ್ಟಡ. ಚಿಂತೆಯಿಲ್ಲ.

ಗಾಳಿ ಇನ್ನೂ ಶುರುವಾಗಿಲ್ಲ. ಹಕ್ಕಿಗಳ ಸದ್ದು ಮಾತ್ರ ನಿಂತುಹೋಗಿದೆ. ಮೀಸೆ ಲಾರಿ ತಿರುಗಿಸುತ್ತಿದ್ದಾನೆ, ಇದನ್ನು ಅವನ ಕೈಗೇ ಕೊಡುತ್ತೇನೆ. ಚಿಣ್ಣಿ ಏನಾದರೂ ಕೇಳಿದಳೇ?


ಹೊಳೆ ಬೀದಿ
ಅಕ್ಟೋಬರ್ ೧೩

ತಂಗಿ,

ಗಾಳಿ ನಿನ್ನೆ ಮಧ್ಯಾಹ್ನವೇ ದಡ ದಾಟಿತೆಂದು ರೇಡಿಯೋ ಹೇಳಿತು. ನಿಮ್ಮ ಊರಿನ ಹೆಸರು ಎರಡು ಸಲ ಬಂತು. ಆಮೇಲೆ ಬೇರೇನೂ ಇಲ್ಲ. “ಚಂಡಮಾರುತ ದುರ್ಬಲಗೊಂಡು ಒಳನಾಡಿನತ್ತ ಸಾಗಿದೆ” ಎಂದಷ್ಟೇ ಗಂಟೆಗೊಮ್ಮೆ ಹೇಳುತ್ತಿದ್ದಾರೆ. ದುರ್ಬಲ ಎಂಬ ಪದವನ್ನು ಹಿಡಿದುಕೊಂಡು ಕುಳಿತಿದ್ದೇನೆ.

ಒಂದು ಸಾಲು ಬರೆದು ಕಳಿಸು. ಇಬ್ಬರೂ ಇದ್ದೇವೆ ಎಂದು ಬರೆದರೆ ಸಾಕು.

ಚಿಣ್ಣಿ ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಾಳೆ, ಅವಳದೇ ಮಾತು ಬರೆಯುತ್ತೇನೆ: “ಅಮ್ಮನಿಗೆ ಹೇಳು, ನನ್ನ ಹಲ್ಲು ಅಲ್ಲಾಡ್ತಿದೆ, ಬೀಳೋದ್ರೊಳಗೆ ಬಾ ಅಂತ.” ಇವತ್ತು ಬೂಟು ಬಿಚ್ಚಿದ್ದಾಳೆ.

ಇಲ್ಲಿ ನಿನ್ನೆಯಿಂದ ಎಡೆಬಿಡದೆ ಮಳೆ. ಹೊಳೆ ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂದಿದೆ. ಪ್ರತಿ ಮಳೆಗಾಲಕ್ಕೂ ಹೀಗೆಯೇ.

ನಿಮ್ಮ ಕಡೆಯ ಟಪಾಲು ತೆಗೆದುಕೊಳ್ಳುತ್ತಿಲ್ಲ, ದಾರಿ ಮುಚ್ಚಿದೆಯಂತೆ. ಬರೆದು ಇಟ್ಟುಕೊಂಡಿರುತ್ತೇನೆ.


ಬಂದರಿನ ಹಿಂದಿನ ಓಣಿ
ಅಕ್ಟೋಬರ್ ೧೪

ಅಕ್ಕನಿಗೆ,

ಇದ್ದೇವೆ. ಇಬ್ಬರೂ ಇದ್ದೇವೆ.

ಹನ್ನೆರಡರ ಬೆಳಿಗ್ಗೆ ಆಕಾಶ ಹಳೆಯ ಗಾಯದ ಹಾಗೆ ಹಳದಿಯಾಗಿತ್ತು. ಒಂಬತ್ತರ ಹೊತ್ತಿಗೆ ಗಾಳಿ ಎದ್ದಿತು. ಅದು ಬೀಸಿದ್ದಲ್ಲ ಅಕ್ಕ, ತಳ್ಳಿದ್ದು. ಮನೆಯ ಮೇಲೇ ಲಾರಿಗಳ ಸಾಲು ಹಾದುಹೋಗುತ್ತಿರುವಂಥ ಸದ್ದು. ನಡುಕೋಣೆಯಲ್ಲಿ ನಾನು, ಕ್ಷೌರಿಕ, ಅವನ ಹೆಂಡತಿ, ಅವನ ಅತ್ತೆ, ಎದುರುಮನೆಯ ಸಂಸಾರ, ಗೋಡೆಗೊರಗಿದ ಕನ್ನಡಿಗಳು. ನೀವು ಹೇಳಿದ್ದು ನಿಜವಾಯಿತು. ಅಡುಗೆಮನೆಯ ತಗಡು ಮೊದಲು ಒಂದು ಮೂಲೆಯಲ್ಲಿ ಪಟಪಟ ಎಂದಿತು, ಆಮೇಲೆ ಇಡೀ ಮಾಡು ಪುಸ್ತಕದ ಹಾಳೆಯಂತೆ ಮಗುಚಿ ಹೋಯಿತು. ಅಡುಗೆಮನೆಗೂ ನಡುಕೋಣೆಗೂ ನಡುವಿನ ಬಾಗಿಲು ಉಬ್ಬತೊಡಗಿತು. ಹೊಲಿಗೆ ಮೇಜನ್ನು ಅದಕ್ಕೆ ಆನಿಸಿ, ನಾನೂ ಕ್ಷೌರಿಕನ ಅತ್ತೆಯೂ ಮೇಜಿಗೆ ಬೆನ್ನು ಕೊಟ್ಟು ಕುಳಿತೆವು. ಆ ಮುದುಕಿ ಒಂದೇ ಸಮನೆ ಗಾಳಿಯನ್ನು ಬಯ್ಯುತ್ತಿದ್ದಳು. ಅಳಿಯನಿಗೂ ಅಷ್ಟು ಬೈದಿರಲಿಕ್ಕಿಲ್ಲ.

ಇದ್ದಕ್ಕಿದ್ದ ಹಾಗೆ ಎಲ್ಲ ನಿಂತಿತು. ಅಡುಗೆಮನೆ ಬಾಗಿಲಿನ ಸಂದಿನಿಂದ ಬಿಸಿಲು ಬಂತು. ಕ್ಷೌರಿಕ ಎದ್ದು ನಿಂತ. “ಮುಗೀತಲ್ಲ, ಒಂದ್ನಿಮಿಷ, ಅಂಗಡಿ ಕುರ್ಚಿ ಒಳಗೆಳೆದು ಬಂದ್ಬಿಡ್ತೀನಿ.”

“ಮುಗಿದಿಲ್ಲ ಕಣಯ್ಯಾ, ಅದು ಉಸಿರು ತಗೊಳ್ತಿದೆ. ಕೂತ್ಕೋ!” ಎಂದು ಅವನ ಅಂಗಿ ಹಿಡಿದೆಳೆದೆ. ಅಂಗಿ ಹರಿದು ಅರ್ಧ ನನ್ನ ಕೈಗೆ ಬಂತು, ಅವನು ಮಾತ್ರ ಕುಳಿತ. ಸ್ವಲ್ಪ ಹೊತ್ತಿಗೆ ಗಾಳಿ ಮತ್ತೆ ಬಂತು, ಈ ಸಲ ಹಿಂದಿನಿಂದ. ಅಂಗಡಿಯ ಮುಂಗಟ್ಟು ಕುಸಿದು ಬಿದ್ದದ್ದು ಆಗಲೇ.

ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ಇವರು ಬಂದರಿನ ಕಚೇರಿಯಲ್ಲಿರಲಿಲ್ಲ. ಹನ್ನೊಂದರ ಬೆಳಿಗ್ಗೆಯೇ ಹಗ್ಗ ಕಿತ್ತುಕೊಂಡ ಸರಕು ದೋಣಿಯೊಂದನ್ನು ಎಳೆತರಲು ಕಡಲಿಗೆ ಹೋದವರು ಬಂದಿರಲಿಲ್ಲ. ಬರೆದಿದ್ದರೆ ನಿಮ್ಮ ಮುಖ ನೋಡಿಯೇ ಚಿಣ್ಣಿಗೆ ತಿಳಿಯುತ್ತಿತ್ತು. ನಿನ್ನೆ ಮಧ್ಯಾಹ್ನ ಆಚೆ ದಡದಿಂದ ನಡೆದು ಬಂದರು, ಮುರಿದ ಬಲಗೈಯನ್ನು ಪೊರಕೆ ಕೋಲಿಗೆ ಕಟ್ಟಿಕೊಂಡು. ಮಾಡು ಎಲ್ಲಿ ಎಂದು ಕೇಳಲಿಲ್ಲ. “ಚಿಣ್ಣಿ?” ಎಂದರು. “ಅಕ್ಕನ ಮನೇಲಿ” ಎಂದೆ. ಹಾಗೇ ನೆಲದ ಮೇಲೆ ಕುಳಿತುಬಿಟ್ಟರು.

ನಮ್ಮಲ್ಲಿ ಒಬ್ಬಳಾದರೂ ಒಣಗಿದ ಜಾಗದಲ್ಲಿದ್ದಾಳಲ್ಲ ಎಂಬ ಒಂದೇ ನೆಮ್ಮದಿಯಲ್ಲಿ ಇವತ್ತು ಉಂಡೆವು.


ಅಕ್ಟೋಬರ್ ೧೫

ತಂಗಿ,

ಇಲ್ಲಿ ಮಳೆ ಜೋರು. ಚಿಣ್ಣಿ ಚೆನ್ನಾಗಿದ್ದಾಳೆ. ರಸ್ತೆ ಸರಿಯಿಲ್ಲ, ಈಗ ಬರಬೇಡ. ಯಾರನ್ನೂ ಕಳಿಸಲೂ ಬೇಡ. ನಾನಾಗಿ ಬರೆಯುವವರೆಗೆ ಅವಳು ಇಲ್ಲೇ ಇರಲಿ.

ಅಕ್ಕ


ಬಂದರಿನ ಹಿಂದಿನ ಓಣಿ
ಅಕ್ಟೋಬರ್ ೧೯

ಅಕ್ಕನವರಿಗೆ,

ವಿದ್ಯುತ್ ತಂತಿ ಸರಿಮಾಡಲು ಬಂದ ಜೀಪಿನವರು ನಿಮ್ಮ ಚೀಟಿಯನ್ನು ಟೀ ಅಂಗಡಿಯಲ್ಲಿ ಕೊಟ್ಟು ಹೋಗಿದ್ದರು. ಅದನ್ನು ಚೀಟಿ ಎನ್ನದೆ ಪತ್ರ ಎನ್ನಲಾರೆ. ಯಾವುದೋ ಕಾಗದದ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ ಎರಡು ಸಾಲು. ನಾವು ಬದುಕಿದ್ದೇವೋ ಸತ್ತೆವೋ ಎಂದು ಒಂದು ಮಾತಿಲ್ಲ. ನಿಮ್ಮ ಮೈದುನನ ಕ್ಷೇಮ ಕೇಳಲಿಲ್ಲ. ಮಗುವನ್ನು ಕರೆಯಲು ಬರಬೇಡ ಎಂಬುದೊಂದೇ ನಿಮಗೆ ಮುಖ್ಯವಾಯಿತು.

ಅಕ್ಕ, ನಾನು ಕಡಿಮೆ ಓದಿದವಳು, ಆದರೆ ಮೂರ್ಖಳಲ್ಲ. ಮೊದಲು ಐದನೆಯ ದಿನಕ್ಕೇ ಬೇಸರಪಟ್ಟಿರಿ. ಈಗ “ನಾನಾಗಿ ಬರೆಯುವವರೆಗೆ” ಎನ್ನುತ್ತೀರಿ. ಏನಾಯಿತು? ಹಚ್ಚಿಕೊಂಡಿರಾ? ಹಚ್ಚಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಅವಳಿಗೆ ಹೆತ್ತವರಿದ್ದಾರೆ. ಮಾಡಿಲ್ಲದ ಮನೆಯಾದರೂ ಅವಳ ಮನೆ ಇದು. ಹೆತ್ತ ಹೊಟ್ಟೆಯ ಸಂಕಟ ನಿಮಗೆ ಹೇಗೆ ಗೊತ್ತಾಗಬೇಕು?

ಇವರು, “ಈ ಮಾತು ಬರೀಬೇಡ, ಹರಿದು ಹಾಕು” ಎನ್ನುತ್ತಿದ್ದಾರೆ. ಹಾಕುವುದಿಲ್ಲ.

ಮೀಸೆ ನಾಳೆ ಹೊರಡುತ್ತಾನೆ, ಕಳಿಸಲಾಗದೆ ಉಳಿದ ಹದಿನಾಲ್ಕರ ಪತ್ರವೂ ಇದರ ಜೊತೆಗಿದೆ. ರಸ್ತೆ ಕುಸಿದಲ್ಲಿ ನಡೆದಾದರೂ ದಾಟುತ್ತೇನೆ ಎಂದಿದ್ದಾನೆ. ಮಗುವನ್ನು ಅವನ ಜೊತೆ ಕಳಿಸಿ.


ಹೊಳೆ ಬೀದಿ
ಅಕ್ಟೋಬರ್ ೨೨

ತಂಗಿ,

ಮೊದಲು ಇದನ್ನು ಓದಿಕೋ: ಚಿಣ್ಣಿ ನನ್ನ ಎದುರಿಗೇ ಇದ್ದಾಳೆ, ಮೀಸೆಯ ತೊಡೆಯ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಾಳೆ. ಇನ್ನು ಉಳಿದದ್ದನ್ನು ಓದು.

ಹದಿನೈದನೆಯ ತಾರೀಖು ಆ ಚೀಟಿ ಬರೆದಾಗ ನಿನ್ನ ಮಗಳು ಎಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಗಾಳಿ ನಿಮ್ಮಲ್ಲಿಗೆ ಬಂತು, ಅದರ ನೀರು ನಮ್ಮಲ್ಲಿಗೆ ಬಂತು. ಎರಡು ದಿನದ ಮಳೆಗೆ ಮೇಲಿನ ಅಣೆಕಟ್ಟೆ ತುಂಬಿ, ಗೇಟು ತೆರೆಯದೆ ಗತಿಯಿಲ್ಲವಾಯಿತು. ಹದಿನಾಲ್ಕರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಬಚ್ಚಲ ತೂಬಿನಿಂದ ನೀರು ಮೇಲಕ್ಕೆ ಬಂತು. ಚಿಣ್ಣಿ ನಕ್ಕಳು. ತಟ್ಟೆ ತೇಲಿದಾಗ ನಗು ನಿಂತಿತು. ಅವಳನ್ನು ಎತ್ತಿಕೊಂಡು ಪಕ್ಕದ ಮಹಡಿ ಮನೆಯ ಮೆಟ್ಟಿಲು ಹತ್ತಿದೆ. ಬೀದಿಯ ಅರ್ಧ ಜನ ಅಲ್ಲಿದ್ದರು. ನಾವು ಒಂದು ಮೆಟ್ಟಿಲು ಏರಿದರೆ ನೀರೂ ಒಂದು ಮೆಟ್ಟಿಲು ಏರುತ್ತಿತ್ತು. ನಿನ್ನ ಭಾವ ಡಿಪೋದಲ್ಲಿ ಸಿಕ್ಕಿಬಿದ್ದಿದ್ದರು.

ಕೊನೆಗೆ ಒಂದು ರಬ್ಬರ್ ದೋಣಿ ಬಂತು. “ಮಕ್ಕಳು ಮಾತ್ರ! ದೊಡ್ಡೋರು ಮುಂದಿನ ಸಲ!” ಎಂದು ದೋಣಿಯವನು ಕೂಗಿದ.

“ನಾನೂ ಬರ್ತೀನಪ್ಪಾ, ಇವಳು ನನ್ನವಳಲ್ಲ, ನನ್ನ ಹತ್ರ ಬಿಟ್ಟಿದ್ದಾರೆ” ಎಂದೆ.

“ಹಾಗಾದ್ರೆ ಬೇಗ ಕೊಡಮ್ಮ” ಎಂದ.

ಚಿಣ್ಣಿ ನನ್ನ ಸೆರಗು ಬಿಡಲಿಲ್ಲ. ನಾನೇ ಅವಳ ಬೆರಳನ್ನು ಒಂದೊಂದಾಗಿ ಬಿಡಿಸಿದೆ. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ದೋಣಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ನಮಗೆ ದೋಣಿ ಬಂದದ್ದು ಸಂಜೆಗೆ, ಅದೂ ಬೇರೆಯದು, ಬೇರೆ ಕಡೆಗೆ. ಮೊದಲ ದೋಣಿ ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಒಬ್ಬರು ಶಾಲೆ ಎಂದರು, ಒಬ್ಬರು ಆಸ್ಪತ್ರೆ ಎಂದರು. ಒಬ್ಬಾತ, ದೋಣಿಯೊಂದು ಮಗುಚಿತಂತೆ ಎಂದ. ನನ್ನ ಮುಖ ನೋಡಿ, “ಅದು ಬೇರೆ ಇರ್ಬೇಕು” ಎಂದು ಸೇರಿಸಿದ.

ಮರುದಿನ ವಿದ್ಯುತ್ತಿನವರ ಜೀಪು ನಿಮ್ಮ ಕಡೆ ಹೊರಟಿತ್ತು. ಕೈಗೆ ಸಿಕ್ಕ ಕಾಗದ ತೆಗೆದೆ. ನಿನ್ನ ಮಗಳು ಕಾಣುತ್ತಿಲ್ಲ ಎಂದು ಬರೆಯಲು ಪೆನ್ಸಿಲ್ ಏಳಲಿಲ್ಲ. ಬರೆದರೆ ನೀನು ಕುಸಿದ ರಸ್ತೆಯಲ್ಲಿ ಓಡಿ ಬರುತ್ತೀಯ. ಬರೆಯದಿದ್ದರೆ ಹುಡುಕಲು ನನಗೆ ಎರಡು ದಿನ ಸಿಗುತ್ತದೆ. ನಿಮ್ಮ ಕ್ಷೇಮ ಕೇಳಬೇಕೆಂದು ಹೊಳೆಯಲೂ ಇಲ್ಲ. ಆ ಹೊತ್ತಿಗೆ ನಾನು ಮನುಷ್ಯಳಾಗಿರಲಿಲ್ಲ.

ಹದಿನಾರರ ಸಂಜೆ, ಮೇಲಿನ ಪೇಟೆಯ ಸಿನಿಮಾ ಮಂದಿರದಲ್ಲಿ ಸಿಕ್ಕಳು. ಮಕ್ಕಳನ್ನೆಲ್ಲ ಖಾಲಿ ಪರದೆಯ ಎದುರು ಸೀಟುಗಳಲ್ಲಿ ಕೂರಿಸಿದ್ದರು. ಸಾಲಿನಿಂದ ಸಾಲಿಗೆ ಹುಡುಕುತ್ತಾ ಹೋದೆ. ಅವಳೇ ನೋಡಿದಳು. ಸೀಟಿನ ಮೇಲೆ ನಿಂತು, “ದೊಡ್ಡಮ್ಮಾ! ಎಷ್ಟು ಹೊತ್ತು! ಜಾಗ ಹಿಡಿದೂ ಹಿಡಿದೂ ನಂಗೆ ಸಾಕಾಯ್ತು!” ಎಂದು ಗದರಿದಳು. ಪಕ್ಕದ ಸೀಟಿನ ಮೇಲೆ ಬೂಟು ಇಟ್ಟು, ಎರಡು ದಿನ ಯಾರನ್ನೂ ಅಲ್ಲಿ ಕೂರಲು ಬಿಟ್ಟಿರಲಿಲ್ಲವಂತೆ.

ನೀರಿಳಿದ ಮೇಲೆ ನಿನ್ನ ಭಾವನೂ ಬಂದರು, ನಮ್ಮ ಮನೆ ತುಂಬ ಕೆಸರಾದ್ದರಿಂದ ಮೂವರೂ ಪಕ್ಕದ ಮಹಡಿ ಮನೆಯಲ್ಲಿದ್ದೇವೆ. ಸಿಕ್ಕ ಮೇಲಾದರೂ ಬರೆಯಬೇಕಿತ್ತು. ಬರೆಯಲಿಲ್ಲ. ದಿನವೂ ಕಾಗದ ತೆಗೆದು ಮಡಚಿಟ್ಟೆ. ಹದಿಮೂರರಂದು ಬರೆದದ್ದನ್ನೂ ಇದರ ಜೊತೆಗೆ ಇಟ್ಟಿದ್ದೇನೆ, ನೀರು ತಾಗಿ ಶಾಯಿ ಹರಡಿದೆ. ಐದನೆಯ ದಿನದ ಮಾತು ಬೇಸರದ್ದಲ್ಲ. ಮೊದಲೇ ತಿಳಿದರೆ ರಜೆ ಹಾಕಿ ಅವಳ ಜೊತೆ ಮನೆಯಲ್ಲೇ ಇರಬಹುದೆಂದು ಕೇಳಿದ್ದೆ. ಅದನ್ನು ಹಾಗೆ ನೇರವಾಗಿ ಬರೆಯಲು ನನಗೆ ಬರಲಿಲ್ಲ. ಬೇರೆಯವರ ವಾಕ್ಯ ತಿದ್ದಿದಷ್ಟು ಸುಲಭವಲ್ಲ ಅದು.

ಹೆತ್ತ ಹೊಟ್ಟೆಯ ಸಂಕಟ ನನಗೆ ಗೊತ್ತಿಲ್ಲ, ನಿಜ. ಬೆರಳು ಬಿಡಿಸಿದ ಕೈಯ ಸಂಕಟ ಗೊತ್ತು.

ಅವಳಿಗೆ ನೆನೆದ ಶೀತದಿಂದ ಎರಡು ದಿನ ಜ್ವರವಿತ್ತು, ಈಗ ಇಳಿದಿದೆ. ಇನ್ನೊಂದು ವಾರ ದೂರದ ಪ್ರಯಾಣ ಬೇಡವೆಂದು ವೈದ್ಯೆ ಹೇಳಿದ್ದಾರೆ. ಇದು ನೆಪವಲ್ಲ. ಮೀಸೆ ಅವರ ಬಾಯಿಂದಲೇ ಕೇಳಿ ಬಂದಿದ್ದಾನೆ. ಆಮೇಲೆ ನೀನು ಹೇಳಿದ ಹಾಗೆ.


ಬಂದರಿನ ಹಿಂದಿನ ಓಣಿ
ಅಕ್ಟೋಬರ್ ೨೬

ಅಕ್ಕಾ,

ಮೊನ್ನೆ ನಿನ್ನ ಪತ್ರವನ್ನು ಓಣಿಯಲ್ಲಿ ನಿಂತೇ ಓದಿದೆ. ಮೊದಲ ಸಾಲು ಓದಿಕೊಂಡೆ, ಎರಡನೆಯದನ್ನು ಮೂರು ಸಲ ಓದಿದೆ. ಸುಳ್ಳು ಹೇಳುವುದಿಲ್ಲ, ಒಂದಿಡೀ ದಿನ ನಿನ್ನ ಮೇಲೆ ಕುದಿಯುತ್ತಿದ್ದೆ. ಕೊಟ್ಟ ಮಗುವನ್ನು ನೀರಿನ ಮೇಲೆ ಬಿಟ್ಟಳಲ್ಲ, ಬಿಟ್ಟು ಚೆನ್ನಾಗಿದ್ದಾಳೆಂದು ಬರೆದಳಲ್ಲ ಎಂದು. ಟಾರ್ಪಾಲಿಗೆ ಹಾಕಬೇಕಾದ ಸೂಜಿಯನ್ನು ಬೆರಳಿಗೆ ಹಾಕಿಕೊಂಡೆ.

ಇವರು ಒಂದು ಮೂಲೆಯಲ್ಲಿ ಕುಳಿತು ಎಡಗೈಯಲ್ಲಿ ಹಗ್ಗದ ಗಂಟು ಬಿಡಿಸುತ್ತಿದ್ದರು. ತಲೆ ಎತ್ತದೆ ಅಂದರು: “ನೀನು ಲಾರಿ ಹತ್ತಿಸ್ದೆ. ಅತ್ತಿಗೆ ದೋಣಿ ಹತ್ತಿಸಿದ್ರು. ಇಬ್ರೂ ಮಾಡಿದ್ದು ಒಂದೇ ಕೆಲ್ಸ.”

ಅವರು ಹೇಳಿದ್ದು ನಿಜ ಅಕ್ಕ. ನಾನೂ ಅವಳ ಬೆರಳು ಬಿಡಿಸಿಯೇ ಲಾರಿ ಹತ್ತಿಸಿದ್ದು. ನಿನಗೆ ಅದನ್ನು ಬರೆದಿರಲಿಲ್ಲ. ನೀನು ಎರಡು ದಿನ ಒಬ್ಬಳೇ ನುಂಗಿಕೊಂಡೆ, ನಾನು ಇವರ ವಿಷಯ ನುಂಗಿಕೊಂಡ ಹಾಗೆ. ನಾನು ಮುಚ್ಚಿಟ್ಟರೆ ಅದು ಪ್ರೀತಿ, ನೀನು ಮುಚ್ಚಿಟ್ಟರೆ ಮೋಸ, ಇದು ಯಾವ ನ್ಯಾಯ?

ಆ ಹೆತ್ತ ಹೊಟ್ಟೆಯ ಮಾತು ಆಡಬಾರದಿತ್ತು. ಹರಿದು ಹಾಕು ಎಂದಾಗ ಇವರ ಮಾತು ಕೇಳಬೇಕಿತ್ತು. ಅದನ್ನು ವಾಪಸು ತೆಗೆದುಕೊಳ್ಳಲು ನಾನೇ ಬರುತ್ತಿದ್ದೇನೆ.

ಚಿಣ್ಣಿಯನ್ನು ಕರೆದೊಯ್ಯಲು ಬರುತ್ತಿಲ್ಲ. ಕರೆದು ತಂದು ಇಲ್ಲಿ ಎಲ್ಲಿ ಮಲಗಿಸಲಿ? ನಾವಿಬ್ಬರೂ ಬರುತ್ತೇವೆ, ಇವರು ಒಂದೂವರೆ ಕೈಯಲ್ಲಿ. ಸಲಿಕೆ, ಎರಡು ಹೊಸ ಟಾರ್ಪಾಲು, ಬ್ಲೀಚಿಂಗ್ ಪುಡಿ ಮೀಸೆಯ ಲಾರಿಗೆ ಏರಿವೆ. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಎತ್ತಬೇಕು. ನೀನು ಒಬ್ಬಳೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡ. ನಿನ್ನ ಮನೆ ಎದ್ದು ನಿಂತ ಮೇಲೆ ನಾಲ್ವರೂ ಬಂದು ನಮ್ಮ ಅಡುಗೆಮನೆಗೆ ಮಾಡು ಹೊದಿಸೋಣ. ಭಾವನಿಗೆ ಡಿಪೋದಿಂದ ರಜೆ ಕೇಳಲು ಹೇಳು. ಕೊಡದಿದ್ದರೆ ಕ್ಷೌರಿಕನ ಅತ್ತೆಯನ್ನು ಕಳಿಸುತ್ತೇನೆ.

ರಸ್ತೆ ತೆರೆದಿದೆ, ನಾಳೆ ಬೆಳಿಗ್ಗೆ ಹೊರಡುತ್ತೇವೆ. ಈ ಪತ್ರ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ. ಬಂದು ಬಾಗಿಲು ಬಡಿಯೋಣವೆಂದರೆ ನಿನ್ನ ಮನೆಯ ಬಾಗಿಲನ್ನೇ ಹೊಳೆ ಒಯ್ದಿದೆ ಎಂದು ಮೀಸೆ ಹೇಳಿದ. ಬೀದಿಯ ತುದಿಯಿಂದಲೇ ಕೂಗುತ್ತೇನೆ. ಇಬ್ಬರೂ ಕೆಸರಿನಲ್ಲಿ ಓಡಿ ಬರಬೇಡಿ, ಜಾರುತ್ತೀರಿ. ನಿಂತಲ್ಲೇ ನಿಂತಿರಿ, ನಾನು ಬರುತ್ತೇನೆ.

ನಿನ್ನ ತಂಗಿ